ಹೋಗುವಾಗ ಬೆನ್ನಿಗೆ ಗಾಳಿ

ನಮ್ಮ ವಿಜಯಪುರದ ಕಡೆ ಆಷಾಢದ ಗಾಳಿ ಅಂದ್ರೆ ಸಾಮಾನ್ಯ ಗಾಳಿಯಲ್ಲ. ಅರಬ್ಬೀ ಸಮುದ್ರದಿಂದ ಹೊರಟು, ಸಹ್ಯಾದ್ರಿಯಲ್ಲಿ ಮಳೆಯನ್ನೆಲ್ಲ ಸುರಿದು, ಇಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಬೀಸುವುದೊಂದೇ ಕೆಲಸ ಉಳಿದಿರುತ್ತದೆ. ತಡೆಯಲು ಗುಡ್ಡವಿಲ್ಲ, ಕಾಡಿಲ್ಲ. ಪಡುವಣದಿಂದ ಬಂದದ್ದು ಎರೆಹೊಲಗಳ ಮೇಲೆ ಹಾಗೇ ಸಾಗಿ ಹೋಗುತ್ತದೆ. ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ನೆ ಅಲ್ಲ. ಈ ಗಾಳಿಯಲ್ಲೇ, ಬರುವ ಭಾನುವಾರ, ನನ್ನ ಮೊದಲ ಟೈಮ್ ಟ್ರಯಲ್, ಅಂದರೆ ಗಡಿಯಾರದ ವಿರುದ್ಧ ಒಬ್ಬೊಬ್ಬರೇ ಹೋಗುವ ಸೈಕಲ್ ರೇಸ್.

ಸಿಂದಗಿ ರಸ್ತೆ. ದೇವರ ಹಿಪ್ಪರಗಿ ಕಡೆ ಮುಖ ಮಾಡಿ 10 ಕಿ.ಮೀ. ಹೋಗಬೇಕು. ಅಲ್ಲಿ ರಸ್ತೆ ನಡುವೆ ಒಂದು ಡ್ರಮ್ ಇಟ್ಟಿರುತ್ತಾರೆ. ಅದನ್ನು ಸುತ್ತಿ ಅದೇ ದಾರಿಯಲ್ಲಿ ವಾಪಸ್. ಸವಾರರನ್ನು ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಜೊತೆಯಾಗಿ ಹೋಗುವಂತಿಲ್ಲ, ಇನ್ನೊಬ್ಬರ ಚಕ್ರದ ಹಿಂದೆ ಅಡಗುವಂತಿಲ್ಲ. ಗುಂಪಿನಲ್ಲಿ ಸೈಕಲ್ ಹೊಡೆಯುವವರಿಗೆ ಗೊತ್ತು, ಮುಂದಿನವರ ಬೆನ್ನ ಹಿಂದೆ ಒತ್ತಾಗಿ ನಿಂತರೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಇಲ್ಲಿ ಆ ಉಳಿತಾಯ ಇಲ್ಲ. ಯಾರು ಗೆದ್ದರು ಅಂತ ಗೆರೆ ದಾಟುವಾಗ ಗೊತ್ತಾಗುವುದೂ ಇಲ್ಲ. ಕೊನೆಯವರು ಬಂದು ಮುಟ್ಟಿದ ಮೇಲೆ ಪಟ್ಟಿ ನೋಡಬೇಕು.

ನಾನು ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವಳು. ಬೆಳಿಗ್ಗೆ ಸೈಕಲ್ ಹೊಡೆಯುವ ಅಭ್ಯಾಸ ಹಳೆಯದು, ರೇಸ್ ಮಾತ್ರ ಹೊಸದು. ಆದರೆ ಈ ಊರಲ್ಲಿದ್ದು ಸೈಕಲ್ ರೇಸ್ ಅಂದ್ರೆ ಏನು ಅಂತ ಗೊತ್ತಿಲ್ಲದಿರಲು ಸಾಧ್ಯವಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಜಾತ್ರೆಗೆ ಸೈಕಲ್ ರೇಸ್ ಇಡುತ್ತಾರೆ. ಕಲ್ಲು ಎತ್ತುವುದು, ಬಂಡಿ ಓಟದ ಜೊತೆಗೆ ಅದೂ ಒಂದು. ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್‌ಗಳು ಈ ಎರಡೂ ಊರಿನಲ್ಲಿವೆ. ದೇಶದ ಸ್ಪರ್ಧೆಗಳಲ್ಲಿ ಪದಕ ತರುವ ಮಕ್ಕಳು ನಮ್ಮ ರಸ್ತೆಗಳಲ್ಲೇ ಬೆಳಗಿನ ಜಾವ ಸಾಲಾಗಿ ಹೋಗುತ್ತಿರುತ್ತಾರೆ. ಬಹಳಷ್ಟು ಮಕ್ಕಳು ರೈತರ, ಕೂಲಿಯವರ ಮನೆಯವರು. ಅವರ ಕಾಲುಗಳನ್ನು ನೋಡಿದರೆ ಸಾಕು, ಎಷ್ಟು ದುಡಿದಿದ್ದಾರೆ ಅಂತ ತಿಳಿಯುತ್ತದೆ. ನಮ್ಮ ಪತ್ರಿಕೆಗಳಲ್ಲಿ ಇವರ ಪದಕಕ್ಕೆ ಒಂದು ಮೂಲೆಯ ಸುದ್ದಿಯಷ್ಟೇ ಸಿಗುವುದು ನನಗೆ ನಿಜಕ್ಕೂ ಬೇಸರ.

ನಾನು ಹೆಸರು ಕೊಟ್ಟಿದ್ದೇನೆ ಅಂತ ಗೊತ್ತಾದಾಗ ಅವರಲ್ಲಿ ಒಬ್ಬ ಹುಡುಗಿ ಚಹಾದಂಗಡಿ ಮುಂದೆ ಹೇಳಿದ ಮಾತು ಇಷ್ಟೇ: "ಅಕ್ಕಾರ, ಹೋಗೂಮುಂದ ಜೋರ್ ಹೋಗಬ್ಯಾಡ್ರಿ. ಬರೂಮುಂದ ಗಾಳಿ ಐತಿ."

ನನ್ನ ತಯಾರಿಯೆಲ್ಲ ಈ ಒಂದು ಮಾತಿನ ಸುತ್ತ ನಡೆದಿದೆ.

ಸಿಂದಗಿ ರಸ್ತೆ ವಿಜಯಪುರದಿಂದ ಮೂಡಣಕ್ಕೆ ಹೋಗುತ್ತದೆ. ಆಷಾಢದ ಗಾಳಿ ಪಡುವಣದ್ದು. ಅಂದರೆ ಹೊರಟ ಕೂಡಲೇ ಗಾಳಿ ಬೆನ್ನಿಗೆ ಬೀಳುತ್ತದೆ. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಸೈಕಲ್ ಓಡುತ್ತದೆ, ಕಿವಿಯಲ್ಲಿ ಸದ್ದೇ ಇರುವುದಿಲ್ಲ. ಕಾಲಿಗೆ ಇನ್ನೂ ಆಯಾಸ ಇಲ್ಲ, ಮೀಟರ್‌ನಲ್ಲಿ 40 ಕಾಣುತ್ತದೆ, ಎದೆಯಲ್ಲಿ ಹುರುಪು. ಡ್ರಮ್ ಸುತ್ತಿ ತಿರುಗಿದ ಕ್ಷಣ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಮೀಟರ್ 25ಕ್ಕೆ ಇಳಿಯುತ್ತದೆ.

ಇದರ ಲೆಕ್ಕ ಹಾಕಿ ನೋಡಿ. ಹೋಗುವಾಗ ಗಂಟೆಗೆ 40 ಕಿ.ಮೀ. ವೇಗ, 10 ಕಿ.ಮೀ.ಗೆ 15 ನಿಮಿಷ. ಬರುವಾಗ 25, ಅಂದರೆ 24 ನಿಮಿಷ. ಒಟ್ಟು 39. ದೂರ ಅರ್ಧರ್ಧ ಇದ್ದರೂ ಸಮಯ ಅರ್ಧರ್ಧ ಅಲ್ಲ. ರೇಸಿನ ಐದರಲ್ಲಿ ಮೂರು ಪಾಲು ಹೊತ್ತು ಎದುರುಗಾಳಿಯಲ್ಲೇ ಕಳೆಯುತ್ತದೆ. ಹೋಗುವಾಗ ವೇಗವನ್ನು 40ರಿಂದ 41 ಮಾಡಿದರೆ ಉಳಿಯುವುದು 22 ಸೆಕೆಂಡು. ಬರುವಾಗ 25ರಿಂದ 26 ಮಾಡಿದರೆ 55 ಸೆಕೆಂಡು. ಕಾಗದದ ಮೇಲೆ ಇಷ್ಟು ನೋಡಿದ ಮೇಲೆ ಆ ಹುಡುಗಿಯ ಮಾತು ಎಷ್ಟು ತೂಕದ್ದು ಅಂತ ಅರ್ಥವಾಯಿತು. ಶಕ್ತಿ ಖರ್ಚು ಮಾಡಬೇಕಾದ ಜಾಗ ವಾಪಸ್ ಬರುವ ದಾರಿ.

ಆದರೆ ಲೆಕ್ಕ ತಿಳಿಯುವುದು ಬೇರೆ, ಮೈಗೆ ಹತ್ತುವುದು ಬೇರೆ. ಮೊದಲ ಐದು ನಿಮಿಷ ಕಾಲು ಸುಳ್ಳು ಹೇಳುತ್ತದೆ. ಎಷ್ಟೇ ಜೋರಾಗಿ ತುಳಿದರೂ ಸುಲಭ ಅನ್ನಿಸುತ್ತದೆ. ಉಸಿರು, ಎದೆಬಡಿತ ಏರಲು ಸ್ವಲ್ಪ ಹೊತ್ತು ಬೇಕಲ್ವಾ, ಆ ಅಂತರದಲ್ಲಿ ದೇಹ ಸಾಲದ ಮೇಲೆ ಓಡುತ್ತಿರುತ್ತದೆ. ಆ ಸಾಲವನ್ನು ಎದುರುಗಾಳಿಯಲ್ಲಿ ತೀರಿಸಬೇಕಾಗುತ್ತದೆ. ಅದಕ್ಕೇ ಈ ವಾರಗಳಲ್ಲಿ ನಾನು ಮಾಡಿದ ಅಭ್ಯಾಸದಲ್ಲಿ ಮುಖ್ಯವಾದದ್ದು ತಡೆದು ಹೊರಡುವುದು. ವಾರಕ್ಕೊಂದು ದಿನ 20 ನಿಮಿಷದ ಎರಡು ಗಟ್ಟಿ ಸುತ್ತು, ನಡುವೆ ಹತ್ತು ನಿಮಿಷ ಹಗುರ. ಪ್ರತಿ ಸುತ್ತಿನ ಮೊದಲ ಐದು ನಿಮಿಷ "ಇದು ಕಡಿಮೆಯಾಯಿತು" ಅನ್ನಿಸುವ ಹಾಗೆ ತುಳಿಯಬೇಕು. ಕೊನೆಯ ಐದು ನಿಮಿಷದಲ್ಲಿ ಅದೇ ಬಲಕ್ಕೆ ತೊಡೆ ಉರಿಯುತ್ತಿರುತ್ತದೆ. ಆಗ ತಿಳಿಯುತ್ತದೆ, ಮೊದಲಿಗೆ ಕಡಿಮೆ ಅನ್ನಿಸಿದ್ದೇ ಸರಿಯಾದ ಅಳತೆ ಅಂತ. ಜೋಳದ ರೊಟ್ಟಿಗೆ ಉರಿ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲೇ ಉರಿ ಜಾಸ್ತಿಯಾದರೆ ಮೇಲೆ ಸೀಯುತ್ತದೆ, ಒಳಗೆ ಹಸಿ ಉಳಿಯುತ್ತದೆ.

ತುಳಿಯುವ ಶಕ್ತಿಯನ್ನು ಅಂಕಿಯಲ್ಲಿ ತೋರಿಸುವ ಪವರ್ ಮೀಟರ್ ನನ್ನ ಹತ್ತಿರ ಇಲ್ಲ. ಅದಿದ್ದರೆ ಕೆಲಸ ಸುಲಭ, ಒಂದು ಅಂಕಿ ಹಿಡಿದು ಅದರ ಮೇಲೆ ಕೂತರಾಯಿತು. ಎದೆಬಡಿತದ ಪಟ್ಟಿ ಇದೆ, ಆದರೆ ಅದು ನಿಧಾನವಾಗಿ ಏರುವುದರಿಂದ ಶುರುವಿನಲ್ಲಿ ನಂಬುವಂತಿಲ್ಲ. ಕೊನೆಗೆ ನಾನು ನೆಚ್ಚಿಕೊಂಡಿರುವುದು ಮಾತನ್ನು. ಒಂದು ಪೂರ್ತಿ ವಾಕ್ಯ ಹೇಳಲು ಆದರೆ ನಿಧಾನವಾಯಿತು. ಒಂದು ಶಬ್ದಕ್ಕೂ ಉಸಿರಿಲ್ಲದಿದ್ದರೆ ಜೋರಾಯಿತು. ಮೂರ್ನಾಲ್ಕು ಶಬ್ದ ಬಂದರೆ ಅದೇ ನನ್ನ ಜಾಗ. ಹೊಲದಲ್ಲಿ ಕೂರಿಗೆ ಹಿಡಿದವರು ಒಬ್ಬಳೇ ಮಾತಾಡುತ್ತಾ ಹೋಗುವ ನನ್ನನ್ನು ನಿಂತು ನೋಡುತ್ತಾರೆ. ನೋಡಲಿ. ನನಗೆ ಇದರಷ್ಟು ನೇರವಾದ ಅಳತೆ ಬೇರೆ ಸಿಕ್ಕಿಲ್ಲ.

ಇನ್ನು ಮೈ ಬಗ್ಗಿಸುವ ವಿಷಯ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ.

ಸಮತಟ್ಟು ರಸ್ತೆಯಲ್ಲಿ ವೇಗ ಏರಿದಂತೆಲ್ಲ ನಾವು ಹೋರಾಡುವುದು ಗಾಳಿಯ ಜೊತೆ. ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಬೆಳೆಯುತ್ತದೆ. ಗಾಳಿಯಿಲ್ಲದ ದಿನ 30ರಿಂದ 33ಕ್ಕೆ ಹೋಗಬೇಕೆಂದರೆ ವೇಗ ಏರಿದ್ದು ಹತ್ತರಲ್ಲೊಂದು ಪಾಲು, ಗಾಳಿಗೆ ಕೊಡಬೇಕಾದ ಶಕ್ತಿ ಏರುವುದು ಮೂರರಲ್ಲೊಂದು ಪಾಲು. ಆ ತಡೆಯಲ್ಲಿ ಸೈಕಲ್ಲಿನದು ಸಣ್ಣ ಭಾಗ. ಮುಕ್ಕಾಲು ಭಾಗ ನಮ್ಮ ಮೈಯದು. ಹಾಗಾಗಿ ಲಕ್ಷಗಟ್ಟಲೆ ಬೆಲೆಯ ಸೈಕಲ್ ಕೊಳ್ಳುವ ಮೊದಲು ಮೊಣಕೈ ಬಗ್ಗಿಸುವುದನ್ನು ಕಲಿಯಬೇಕು. ಅದು ಪುಕ್ಕಟೆ.

ಇದಕ್ಕೆ ಸಾಕ್ಷಿ ಬೇಕೆಂದರೆ ಫ್ರಾನ್ಸಿನ ಮೂರು ವಾರದ ದೊಡ್ಡ ಸೈಕಲ್ ರೇಸ್, 1989ರ ಟೂರ್ ಡಿ ಫ್ರಾನ್ಸ್ ಇದೆ. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಅಲ್ಲಿಯವರೆಗಿನ ಒಟ್ಟು ಸಮಯದಲ್ಲಿ ಫ್ರಾನ್ಸಿನ ಲೊರಾಂ ಫಿನ್ಯೋ 50 ಸೆಕೆಂಡು ಮುಂದಿದ್ದರು. ಅಷ್ಟು ಚಿಕ್ಕ ದೂರದಲ್ಲಿ ಅಷ್ಟು ಸಮಯ ಕಳೆದುಕೊಳ್ಳುವುದು ಆಗದ ಮಾತು ಅಂತ ಬಹಳ ಜನ ಅಂದುಕೊಂಡಿದ್ದರು. ಅವರ ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್, ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್‌ನವರು ಬಳಸುತ್ತಿದ್ದ ಉದ್ದನೆಯ ಹ್ಯಾಂಡಲ್ ಹಾಕಿಸಿ, ಎರಡೂ ಮೊಣಕೈ ಒಳಗೆ ತಂದು, ಹಿಂದಕ್ಕೆ ಚೂಪಾದ ಹೆಲ್ಮೆಟ್ ತೊಟ್ಟು ಬಂದರು. ಫಿನ್ಯೋ ಬರಿತಲೆಯಲ್ಲಿ ಬಂದರು, ಹಿಂದೆ ಜುಟ್ಟು ಗಾಳಿಗೆ ಹಾರುತ್ತಿತ್ತು. ಲೆಮಾಂಡ್ 58 ಸೆಕೆಂಡು ಹಿಂಪಡೆದರು. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆದ ಮೇಲೆ ಅಂತರ 8 ಸೆಕೆಂಡು. ಇವತ್ತಿಗೂ ಪುರುಷರ ಟೂರ್‌ನ ಅತಿ ಚಿಕ್ಕ ಅಂತರ ಅದೇ. ಆ ಕೊನೆಯ ದೃಶ್ಯ ನೋಡಿದಾಗಲೆಲ್ಲ ನನಗೆ ಫಿನ್ಯೋ ಬಗ್ಗೆ ಸಂಕಟವಾಗುತ್ತದೆ. ಕಾಲು ಸೋತಿದ್ದಕ್ಕಿಂತ ಹೆಚ್ಚಾಗಿ ಗಾಳಿ ಸೋಲಿಸಿತು ಅನ್ನಿಸುತ್ತದೆ.

ನಾಲ್ಕು ವರ್ಷದ ನಂತರ, 1993ರಲ್ಲಿ, ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾವೇ ಮಾಡಿದ ಸೈಕಲ್ ಮೇಲೆ ಒಂದು ಗಂಟೆಯಲ್ಲಿ 51.596 ಕಿ.ಮೀ. ಹೊಡೆದು ದಾಖಲೆ ಮಾಡಿದರು. ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಅದರಲ್ಲಿತ್ತು. ಕೈಗಳನ್ನು ಎದೆಯ ಕೆಳಗೆ ಮಡಚಿ ಕೂರುವ ರೀತಿ ಅವರದೇ. ದುಡ್ಡಿಲ್ಲದೆಯೂ ಗಾಳಿಯನ್ನು ಅರ್ಥ ಮಾಡಿಕೊಳ್ಳಬಹುದು ಅನ್ನುವುದಕ್ಕೆ ನನಗೆ ಅವರಿಗಿಂತ ಪ್ರೀತಿಯ ಉದಾಹರಣೆ ಇಲ್ಲ.

ಉದ್ದನೆಯ ಹ್ಯಾಂಡಲ್ ನನ್ನ ಸೈಕಲ್‌ಗೆ ಇಲ್ಲ. ನಾನಿರುವುದು ಮಾಮೂಲಿ ರೋಡ್ ಸೈಕಲ್‌ನವರ ವಿಭಾಗ. ಬ್ರೇಕ್ ಹಿಡಿಕೆ ಮೇಲೆ ಅಂಗೈ, ಮೊಣಕೈ ತೊಂಬತ್ತು ಡಿಗ್ರಿಗೆ ಬಾಗಿ, ಮುಂಗೈ ರಸ್ತೆಗೆ ಸಮನಾಗಿ, ಗಲ್ಲ ಕೆಳಗೆ, ಭುಜ ಕಿವಿಯ ಹತ್ತಿರ. ಕೆಳಗಿನ ಬಾಗಿದ ಹ್ಯಾಂಡಲ್ ಹಿಡಿದು ಕೈ ನೇರ ಮಾಡುವುದಕ್ಕಿಂತ ಹೀಗೆ ಕೂತರೆ ಗಾಳಿಗೆ ಸಿಗುವ ಮೈ ಕಡಿಮೆ. ನನ್ನ ತಮ್ಮ ಬೈಕಿನಲ್ಲಿ ಪಕ್ಕಕ್ಕೆ ಬಂದು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಟ್ಟ. ನೋಡಿದರೆ ಎರಡು ನಿಮಿಷ ಚೆನ್ನಾಗಿದ್ದೇನೆ, ಆಮೇಲೆ ತಲೆ ಒಂದೊಂದೇ ಬೆರಳು ಮೇಲೇಳುತ್ತದೆ. ಕುತ್ತಿಗೆಯ ಹಿಂಭಾಗ, ತೋಳಿನ ಹಿಂಬದಿ ನೋಯುತ್ತದೆ. ಇದಕ್ಕೆ ಬೇರೆ ಮದ್ದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಗೇ ಕೂತು ರೂಢಿ ಮಾಡಬೇಕು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮುಂಗೈಯನ್ನೇ ಹ್ಯಾಂಡಲ್ ಮೇಲೆ ಊರಿ ಕೈ ಬಿಟ್ಟು ಹೋಗುವುದನ್ನು ಹುಡುಗರು ವಿಡಿಯೊ ನೋಡಿ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. 2021ರಿಂದ ರಸ್ತೆ ರೇಸ್‌ಗಳಲ್ಲಿ ಅದಕ್ಕೆ ನಿಷೇಧ ಇದೆ. ನಮ್ಮ ರಸ್ತೆಯ ಒಂದು ಗುಂಡಿ ಸಾಕು, ಬ್ರೇಕ್ ಹಿಡಿಯಲು ಬೆರಳು ತಲುಪುವ ಮೊದಲೇ ನೆಲಕ್ಕೆ ಬಿದ್ದಿರುತ್ತೀರಿ.

ರಸ್ತೆಯ ವಿಷಯ ಬಂತು. ಸಿಂದಗಿ ರಸ್ತೆ ನನಗೆ ಕೈಗೆರೆಯಷ್ಟೇ ಪರಿಚಯ. ಸುಗ್ಗಿ ಕಾಲದಲ್ಲಿ ಅದರ ಮೇಲೆ ರಾಶಿಗಾಗಿ ಕಡಲೆ, ತೊಗರಿ ಹರವಿರುತ್ತಾರೆ, ಆಗ ಅಂಚು ಬಿಟ್ಟು ನಡುವೆ ಹೋಗಬೇಕು. ಈಗ ಬಿತ್ತನೆಯ ದಿನಗಳು. ಹೊಲದಿಂದ ಹೊರಬರುವ ಟ್ರ್ಯಾಕ್ಟರ್‌ಗಳ ಗಾಲಿಗೆ ಅಂಟಿದ ಎರೆಮಣ್ಣು ಹೆಂಟೆ ಹೆಂಟೆಯಾಗಿ ಡಾಂಬರಿನ ಮೇಲೆ ಬೀಳುತ್ತದೆ. ಒಣಗಿದಾಗ ಅದು ಕಲ್ಲು. ರಾತ್ರಿ ನಾಲ್ಕು ಹನಿ ಬಿದ್ದರೆ ಬೆಣ್ಣೆ. ಡ್ರಮ್ ಇಡುವ ಜಾಗದ ಪಕ್ಕದಲ್ಲೇ ಒಂದು ಹೊಲದ ದಾರಿ ರಸ್ತೆಗೆ ಸೇರುತ್ತದೆ, ತಿರುವಿನಲ್ಲಿ ಮಣ್ಣು ಇದ್ದೇ ಇರುತ್ತದೆ. ಅಲ್ಲಿಗೆ ಹೋಗಿ, ಡ್ರಮ್ ಬದಲು ನೀರಿನ ಬಾಟಲಿ ಇಟ್ಟು, ಬೇರೆ ಬೇರೆ ವೇಗದಲ್ಲಿ ತಿರುಗಿ ನೋಡಿದೆ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಬೇಕು, ತಿರುವಿನೊಳಗೆ ಹಿಡಿಯಬಾರದು. ಗೇರ್ ಕೂಡ ಮೊದಲೇ ಮೂರ್ನಾಲ್ಕು ಹಲ್ಲು ಹಗುರ ಮಾಡಿಕೊಳ್ಳಬೇಕು. ಬೆನ್ನುಗಾಳಿಯ ಭಾರದ ಗೇರಿನಲ್ಲೇ ತಿರುಗಿದರೆ ಎದುರುಗಾಳಿಯಲ್ಲಿ ಪೆಡಲ್ ಕದಲುವುದಿಲ್ಲ, ನಿಂತು ತುಳಿದು ತುಳಿದು ಅರ್ಧ ಜೀವ ಅಲ್ಲೇ ಹೋಗುತ್ತದೆ. ಒಳಗಿನ ಪೆಡಲ್ ಮೇಲಿರಬೇಕು, ಕಣ್ಣು ಡ್ರಮ್ ಮೇಲಲ್ಲ, ಹೊರಗೆ ಹೋಗಬೇಕಾದ ರಸ್ತೆ ಮೇಲೆ. ಇಪ್ಪತ್ತು ಕಿಲೋಮೀಟರಿನಲ್ಲಿ ನಾಲ್ಕೈದು ಸೆಕೆಂಡಿನ ಕೆಲಸ ಇದು. ಆದರೂ ನನಗೆ ಎಲ್ಲಕ್ಕಿಂತ ಇಷ್ಟವಾದ ಅಭ್ಯಾಸ ಇದೇ ಆಯಿತು.

ಜಾಲಿ ಮುಳ್ಳಿನ ಊರಿದು. ಹೊಸ ಟೈರ್ ಹಾಕಿಸಿದ್ದೇನೆ. ಗಾಳಿಯನ್ನು ಕಲ್ಲಿನಂತೆ ತುಂಬುತ್ತಿಲ್ಲ, ತರಿತರಿ ಡಾಂಬರಿನ ಮೇಲೆ ಅದು ಕುಪ್ಪಳಿಸಿ ವೇಗ ತಿನ್ನುತ್ತದೆ. ಚೈನ್ ತೊಳೆಯುವುದು ಸೀಮೆಎಣ್ಣೆ, ಹಳೆಯ ಬನಿಯನ್ನಿನ ತುಂಡು. ಒರೆಸಿದ ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವ ತನಕ ಒರೆಸಿ, ಪ್ರತಿ ಕೊಂಡಿಗೆ ಒಂದು ಹನಿ ಎಣ್ಣೆ, ಆಮೇಲೆ ಮೇಲಿನದನ್ನೆಲ್ಲ ಮತ್ತೆ ಒರೆಸುವುದು. ಬೆನ್ನಿಗೆ ಹಚ್ಚುವ ನಂಬರ್ ಚೀಟಿ ಗಾಳಿಗೆ ಪಟಪಟ ಬಡಿಯಬಾರದು. ಜೆರ್ಸಿ ತೊಟ್ಟು, ಸೈಕಲ್ ಮೇಲೆ ಬಾಗಿ ಕೂತ ಭಂಗಿಯಲ್ಲೇ ಇನ್ನೊಬ್ಬರ ಕೈಲಿ ಪಿನ್ನು ಹಾಕಿಸಬೇಕು. ನಿಂತು ಹಾಕಿಸಿದರೆ ಬಾಗಿದಾಗ ಚೀಟಿ ಗುಳ್ಳೆಯಾಗಿ ಉಬ್ಬುತ್ತದೆ. ಊಟದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಹಿಂದಿನ ರಾತ್ರಿ ರೊಟ್ಟಿ, ಕಾಳುಪಲ್ಯ ಬಿಟ್ಟು ಅನ್ನ ಸಾರು. ಬೆಳಿಗ್ಗೆ ಹೊರಡುವ ಎರಡು ಗಂಟೆ ಮೊದಲು ಅವಲಕ್ಕಿ, ಬಾಳೆಹಣ್ಣು. ಅಭ್ಯಾಸದ ದಿನ ತಿಂದದ್ದನ್ನೇ ತಿನ್ನುವುದು.

ಬೆಳಗಿನ ಜಾವದ ರೇಸ್ ಅಂದಾಗ ನನಗೆ ನೆನಪಾಗುವುದು ಈ ಆಟ ಹುಟ್ಟಿದ ಕತೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ರಸ್ತೆಯಲ್ಲಿ ಗುಂಪಾಗಿ ರೇಸ್ ಮಾಡುವುದಕ್ಕೆ ವಿರೋಧವಿತ್ತು. ಪೊಲೀಸರ ಕಾಟ ಇತ್ತು, ಸೈಕಲ್ ಸಂಘದವರೇ ರಸ್ತೆ ರೇಸ್ ಬೇಡ ಅಂದಿದ್ದರು. ಆಗ 1895ರಲ್ಲಿ ಫ್ರೆಡರಿಕ್ ಥಾಮಸ್ ಬಿಡ್ಲೇಕ್ ಅನ್ನುವವರು ಒಬ್ಬೊಬ್ಬರನ್ನೇ ಸಮಯ ಬಿಟ್ಟು ಕಳಿಸುವ ದಾರಿ ಹುಡುಕಿದರು. ಆಮೇಲಿನ ವರ್ಷಗಳಲ್ಲಿ ಸವಾರರು ಕತ್ತಲಲ್ಲೇ ಸೇರಿ, ಕುತ್ತಿಗೆಯಿಂದ ಪಾದದವರೆಗೆ ಕಪ್ಪು ಬಟ್ಟೆ ತೊಟ್ಟು, ಒಬ್ಬೊಬ್ಬರೇ ಹೋಗುತ್ತಿದ್ದರು. ನೋಡಿದವರಿಗೆ ರೇಸ್ ಅಂತಲೇ ಗೊತ್ತಾಗಬಾರದು. ರಸ್ತೆಗಳಿಗೆ ಹೆಸರಿನ ಬದಲು ಅಕ್ಷರ, ಅಂಕಿಯ ಗುಟ್ಟಿನ ಗುರುತು. ಆ ಗುರುತುಗಳನ್ನು ಅಲ್ಲಿನವರು ಈಗಲೂ ಬಳಸುತ್ತಾರೆ. ಟೂರ್ ಡಿ ಫ್ರಾನ್ಸ್‌ಗೆ ಟೈಮ್ ಟ್ರಯಲ್ ಬಂದದ್ದು 1934ರಲ್ಲಿ. ನಮ್ಮ ದೇಶದಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಟೈಮ್ ಟ್ರಯಲ್ ನಡೆದಾಗ ಪುರುಷರಲ್ಲಿ ಗೆದ್ದವರು ಸ್ಕಾಟ್ಲೆಂಡಿನ ಡೇವಿಡ್ ಮಿಲ್ಲರ್. ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಟೈಮ್ ಟ್ರಯಲ್ ಗೆದ್ದವರು, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪರ್ಧಿಸಿದರು. ಆ ದೊಡ್ಡ ಕೂಟಕ್ಕೂ ನಮ್ಮ ಸಿಂದಗಿ ರಸ್ತೆಯ ಪುಟ್ಟ ಕೂಟಕ್ಕೂ ನಿಯಮ ಹೆಚ್ಚುಕಡಿಮೆ ಒಂದೇ ಅನ್ನುವುದು ನನಗೆ ದೊಡ್ಡ ಖುಷಿ.

ನಮ್ಮಲ್ಲಿ ಬೆಳಿಗ್ಗೆ ಹೊರಡಲು ಕಾರಣ ಬೇರೆ. ಬಿಸಿಲು ಏರಿದಂತೆ ಗಾಳಿಯೂ ಏರುತ್ತದೆ. ಆರು ಗಂಟೆಗೆ ಇರುವ ಗಾಳಿ ಎಂಟಕ್ಕೆ ಇರುವುದಿಲ್ಲ, ಇನ್ನೂ ಬಲವಾಗಿರುತ್ತದೆ. ಹಾಗಾಗಿ ಸರದಿ ಮುಖ್ಯ. ನಿಧಾನದವರನ್ನು ಮೊದಲು ಬಿಡುತ್ತಾರೆ, ಅದರಲ್ಲಿ ನಾನಿದ್ದೇನೆ. ಹಾಸ್ಟೆಲ್ ಮಕ್ಕಳು ಕೊನೆಗೆ. ಅವರಿಗೆ ನನಗಿಂತ ಜೋರು ಗಾಳಿ ಸಿಗುತ್ತದೆ, ಆದರೂ ನನಗಿಂತ ಎಷ್ಟೋ ಬೇಗ ಬರುತ್ತಾರೆ.

ಆ ಹುಡುಗಿ ನನ್ನ ಹಿಂದೆ ಎಲ್ಲೋ ಇದ್ದಾಳೆ. ವಾಪಸ್ ಬರುವಾಗ ನನ್ನನ್ನು ಹಿಡಿಯಬಹುದು. ಹಿಡಿದರೆ ಎರಡು ಮೀಟರ್ ಅಂತರ ಬಿಟ್ಟು ಪಕ್ಕದಿಂದ ದಾಟಬೇಕು, ನಾನು ಅವಳ ಹಿಂದೆ 25 ಮೀಟರಿನೊಳಗೆ ಇರುವಂತಿಲ್ಲ. ದೊಡ್ಡ ರೇಸ್‌ಗಳ ನಿಯಮ ಇದು, ಇಲ್ಲೂ ಇದನ್ನೇ ಇಟ್ಟಿದ್ದಾರೆ. ಎದುರುಗಾಳಿಯಲ್ಲಿ ಅಷ್ಟು ಚೆಂದದ ಬೆನ್ನು ಕಣ್ಣೆದುರೇ ಹೋಗುವಾಗ ಅದರ ಹಿಂದೆ ಸರಿಯದೆ ಇರುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೇನೆ. ಅವಳು ದಾಟುವಾಗ ಹತ್ತಿರದಿಂದ ನೋಡಬೇಕು ಅನ್ನುವ ಆಸೆಯೂ ಇದೆ. ಎಷ್ಟು ಬಾಗುತ್ತಾಳೆ, ಪೆಡಲ್ ಎಷ್ಟು ಬೇಗ ತಿರುಗುತ್ತದೆ, ಭುಜ ಅಲುಗುತ್ತದಾ.

ನನ್ನ ತಮ್ಮ ಡ್ರಮ್ ಹತ್ತಿರ ನಿಲ್ಲುತ್ತಾನೆ. 1989ರ ಆ ದಿನ ಲೆಮಾಂಡ್ ತಮ್ಮ ತಂಡಕ್ಕೆ ದಾರಿಯಲ್ಲಿ ಸಮಯ ಕೂಗಬೇಡಿ ಅಂದಿದ್ದರು. ನಾನೂ ತಮ್ಮನಿಗೆ ಅದನ್ನೇ ಹೇಳಿದ್ದೇನೆ: ಬರೆದಿಟ್ಟುಕೋ, ನನಗೆ ಹೇಳಬೇಡ. ಬೆನ್ನುಗಾಳಿಯಲ್ಲಿ ಬಂದ ಅಂಕಿ ಕೇಳಿದರೆ ಹಿಗ್ಗುತ್ತೇನೆ, ಇಲ್ಲವೇ ಕುಗ್ಗುತ್ತೇನೆ. ಎರಡೂ ಬೇಡ. ಮನೆಗೆ ಬಂದ ಮೇಲೆ ಹೋದ ಸಮಯ, ಬಂದ ಸಮಯ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಆವತ್ತಿನ ಗಾಳಿ ಎಷ್ಟಿತ್ತು ಅನ್ನುವುದರ ಜೊತೆಗೆ ಅವೆರಡನ್ನೂ ಮುಂದಿನ ವಾರ ಇಲ್ಲೇ ಬರೆಯುತ್ತೇನೆ. ನಿಮ್ಮಲ್ಲಿ ಯಾರಾದರೂ ಆಷಾಢದಲ್ಲಿ ಈ ರಸ್ತೆಯಲ್ಲಿ ಸೈಕಲ್ ಹೊಡೆದಿದ್ದರೆ ನಿಮ್ಮ ಎರಡು ಅಂಕಿಗಳನ್ನೂ ಕಳಿಸಿ.